ಹಳೆಯ ಜೀಪಿನ ಗೇರ್ ನಾಬು ಬದಲಿಸುವ ಕ್ರಮ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಾಡಿಗೆ ಗಾಡಿ ಓಡಿಸುವವರೂ, ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರೂ ಇದ್ದಾರೆ. ಈ ಪಾಠ ಮುಖ್ಯವಾಗಿ ಅವರಿಗಾಗಿ. ಗುಮಾಸ್ತೆಯವರು ಓದಿದರೂ ನಷ್ಟವಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಘಟ್ಟದ ಕೆಳಗಿನಿಂದ ಮನೆಯ ಅಂಗಳದವರೆಗೆ ಹಳೆಯ ಜೀಪಿನಲ್ಲಿ ಕುಳಿತು ಹೋಗುವ ಪ್ರಸಂಗ ನಮ್ಮಲ್ಲಿ ಬಹಳ ಮಂದಿಗೆ ಬರುತ್ತದೆ.

ಗೇರ್ ನಾಬೆಂದರೆ ಗೇರ್ ಲಿವರಿನ ತುದಿಯಲ್ಲಿ ಅಂಗೈಗೆ ಸಿಕ್ಕುವ ಗುಂಡು. ಇಡೀ ಗಾಡಿಯಲ್ಲಿ ಇದಕ್ಕಿಂತ ಅಗ್ಗದ ಭಾಗಗಳು ಕೆಲವೇ. ಆದುದರಿಂದಲೇ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಎಂಜಿನ್ನಿನ ಎಣ್ಣೆ ಬದಲಿಸುವ ಮಾಲೀಕನೂ ಒಡೆದ ನಾಬಿಗೆ ಬಟ್ಟೆ ಸುತ್ತಿ ವರ್ಷಗಟ್ಟಲೆ ಓಡಿಸುತ್ತಾನೆ. ನಾಬು ಕೆಡುವುದು ಮೂರು ಬಗೆಯಲ್ಲಿ. ಒಳಗಿನ ಥ್ರೆಡ್ಡು, ಮುಂಬಯಿಯ ಫಿಟ್ಟರುಗಳು ಆಟೆ ಎನ್ನುವುದು, ಸವೆದು ನಾಬು ಕೈಯಲ್ಲಿ ಗಿರಗಿರನೆ ತಿರುಗುವುದು ಒಂದು. ಮೈ ಬಿರುಕು ಬಿಟ್ಟು ಚಕ್ಕೆ ಏಳುವುದು ಎರಡನೆಯದು. ಮೇಲೆ ಕೊರೆದ ಗೇರಿನ ಗುರುತು ಬೆವರಿಗೂ ಎಣ್ಣೆಗೂ ಅಳಿಸಿ ಹೋಗುವುದು ಮೂರನೆಯದು. ಮೊದಲಿನ ಎರಡು ಕೈಗೆ ತಿಳಿಯುತ್ತವೆ. ಮೂರನೆಯದು ತಿಳಿಯುವುದಿಲ್ಲ, ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಅಪಾಯದ್ದು. ಕಾರಣ ಹೇಳುತ್ತೇನೆ.

ನಮ್ಮ ದೇಶದ ಹಳೆಯ ಜೀಪುಗಳ ಮೂಲ ಅಮೆರಿಕದ ವಿಲ್ಲಿಸ್ ಗಾಡಿ. ಎತ್ತರದ ಬಾನೆಟ್ಟಿನ ಸಿಜೆ-3ಬಿ ಎಂಬ ಮಾದರಿ ಅಲ್ಲಿ 1953ರಿಂದ 1968ರವರೆಗೆ ತಯಾರಾಯಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ ಮಹೀಂದ್ರ ಕಂಪನಿಯು ಈ ಮಾದರಿಯನ್ನೂ ಮಾಡಿತು. ಅಲ್ಲಿ ನಿಂತ ಮೇಲೂ ಇಲ್ಲಿ ಅದರ ವಂಶ ಬಹುಕಾಲ ಮುಂದುವರಿಯಿತು. ಈ ಗಾಡಿಯ ಗೇರ್ ಪೆಟ್ಟಿಗೆಗೆ ಟಿ-90 ಎಂದು ಹೆಸರು; ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಲಿವರನ್ನು ಎಡಕ್ಕೆ ಸರಿಸಿ ಮುಂದಕ್ಕೆ ಒತ್ತಿದರೆ ರಿವರ್ಸು. ಎಡಕ್ಕೆ ಸರಿಸಿ ಹಿಂದಕ್ಕೆ ಎಳೆದರೆ ಒಂದನೆಯ ಗೇರು. ಬಲಗಡೆಯಲ್ಲಿ ಮುಂದೆ ಎರಡನೆಯದು, ಹಿಂದೆ ಮೂರನೆಯದು.

ಈಗ ಸಾಮಾನ್ಯ ಕಾರಿನಲ್ಲಿ ಕೈ ಪಳಗಿದ ಚಾಲಕನನ್ನು ಊಹಿಸಿಕೊಳ್ಳಿ. ಅವನ ಕೈಗೆ ಎಡ-ಮುಂದೆ ಎಂದರೆ ಒಂದನೆಯ ಗೇರು. ಖಾಯಂ ಚಾಲಕನಿಗೆ ಜ್ವರ ಬಂದು ಒಂದು ದಿನದ ಬದಲಿಗೆ ಅವನು ಬರುತ್ತಾನೆ. ಘಟ್ಟದ ಏರಿನಲ್ಲಿ ಎದುರಿನ ಲಾರಿಗೆ ದಾರಿ ಕೊಡಲು ಅಂಚಿಗೆ ನಿಲ್ಲಿಸುತ್ತಾನೆ. ಲಾರಿ ದಾಟಿದ ಮೇಲೆ ಅಭ್ಯಾಸದಂತೆ ಎಡ-ಮುಂದೆ ಒತ್ತಿ ಕ್ಲಚ್ ಬಿಡುತ್ತಾನೆ. ಮುಂದಕ್ಕೆ ಹೋಗಬೇಕಾದ ಗಾಡಿ ಎಂಜಿನ್ನಿನ ಬಲದಿಂದಲೇ ಹಿಂದಕ್ಕೆ ಹೊರಡುತ್ತದೆ. ಹಿಂದೆ ಕಣಿವೆ, ಹಿಂದಿನ ಸೀಟಿನಲ್ಲಿ ಎಂಟು ಜನ. ನಾಬಿನ ಮೇಲೆ ಗುರುತು ಇದ್ದಿದ್ದರೆ ಹತ್ತುವಾಗಲೇ ಅವನ ಕಣ್ಣಿಗೆ ಬೀಳುತ್ತಿತ್ತು. ಮೂಲದ ಜೀಪುಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆಯೂ ಗೇರಿನ ನಕ್ಷೆಯಿರುವ ತಗಡಿನ ಫಲಕ ಹೊಡೆದಿರುತ್ತಿದ್ದರು. ಎರಡು ಮೂರು ಸಾರಿ ಬಣ್ಣ ಹೊಡೆಸಿಕೊಂಡ ಗಾಡಿಯಲ್ಲಿ ಅದು ಉಳಿದಿರುವುದು ಅಪರೂಪ.

ಇನ್ನೊಂದು ವಿಷಯ. ಜೀಪಿನ ನೆಲದಲ್ಲಿ ಲಿವರು ಒಂದಲ್ಲ, ಮೂರು. ದೊಡ್ಡದು ಗೇರಿನದು. ಪಕ್ಕದ ಚಿಕ್ಕವೆರಡರಲ್ಲಿ ಒಂದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವುದಕ್ಕೆ, ಇನ್ನೊಂದು ಹೈ, ನ್ಯೂಟ್ರಲ್, ಲೋ ಎಂಬ ಮೂರು ಸ್ಥಾನಗಳದ್ದು. ಮುಂದಿನ ಚಕ್ರ ಸೇರಿಸದೆ ಲೋ ಹಾಕತಕ್ಕದ್ದಲ್ಲ. ನಾಬುಗಳನ್ನು ಬಿಚ್ಚುವಾಗ ಒಂದರ ನಾಬು ಮತ್ತೊಂದಕ್ಕೆ ಹೋಗದಂತೆ ಮೊದಲೇ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು.

ಕೆಲಸಕ್ಕೆ ಬರೋಣ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಹಳೆಯ ಜೀಪಿನ ಹ್ಯಾಂಡ್‌ಬ್ರೇಕನ್ನು ಮಾತ್ರ ನಂಬಿ ಕೂರಬಾರದು. ಲಿವರನ್ನು ನ್ಯೂಟ್ರಲಿಗೆ ತನ್ನಿ. ನಾಬಿನ ಅಡಿಯಲ್ಲಿ ಬಿಗಿಯುವ ನಟ್ಟು ಇದೆಯೇ, ಪಕ್ಕದಲ್ಲಿ ಸಣ್ಣ ಸ್ಕ್ರೂ ಅಡಗಿದೆಯೇ ಎಂದು ಜಿಡ್ಡು ಒರೆಸಿ ನೋಡಿ. ಪಕ್ಕದ ಸ್ಕ್ರೂ ಇದ್ದರೆ ಮೊದಲು ಅದನ್ನು ಸಡಿಲಿಸಬೇಕು.

ಅಡಿಯ ನಟ್ಟನ್ನು ಯಾವ ಕಡೆಗೆ ತಿರುಗಿಸಬೇಕೆಂಬಲ್ಲಿ ಹೊಸಬರು ತಪ್ಪುತ್ತಾರೆ. ನಟ್ಟು ನಾಬಿಗೆ ಒತ್ತಿ ಕುಳಿತಿದೆ. ಅದು ಸಡಿಲವಾಗಬೇಕಾದರೆ ಲಿವರಿನ ಮೇಲೆ ಕೆಳಕ್ಕೆ ಇಳಿಯಬೇಕು. ಆದುದರಿಂದ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಅದನ್ನು ತಿರುಗಿಸಬೇಕು. ಆ ಮೇಲೆ ನಾಬನ್ನು ಮುಳ್ಳಿನ ವಿರುದ್ಧ ದಿಕ್ಕಿಗೆ. ಒಂದು ಕೈಯಲ್ಲಿ ನಾಬು, ಇನ್ನೊಂದರಲ್ಲಿ ಪಾನಾ. ನಾಬು ಜಾರುವುದಾದರೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿಯಿರಿ. ಹಿಡಿತ ಚೆನ್ನಾಗಿ ಬರುತ್ತದೆ.

ತುಕ್ಕಿನಿಂದ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಬುಡಕ್ಕೆ ಬಿಟ್ಟು ಒಂದು ರಾತ್ರಿ ಕಾಯಿರಿ. ಕುದಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ನಾಬಿನ ಮೇಲೆ ಹಾಕಿದರೂ ಒಳಗಿನ ಹಿತ್ತಾಳೆಯ ಬುಷ್ ಹಿಗ್ಗಿ ಬಿಡುವುದುಂಟು. ಬ್ಲೋಲ್ಯಾಂಪನ್ನು ಮಾತ್ರ ಹತ್ತಿರಕ್ಕೂ ತರಬಾರದು. ಈ ಜೀಪುಗಳ ಪೆಟ್ರೋಲ್ ಟಾಂಕಿ ಇರುವುದು ಚಾಲಕನ ಸೀಟಿನ ಕೆಳಗೆ, ನಾಬಿನಿಂದ ಒಂದು ಮೊಳದ ದೂರದಲ್ಲಿ. ಅಲ್ಲದೆ ಹಳೆಯ ನಾಬು ಬೇಕಲೈಟಿನದಾಗಿದ್ದರೆ ಶಾಖಕ್ಕೆ ಅದು ಮೆದುವಾಗುವುದಿಲ್ಲ. 1907ರಲ್ಲಿ ಬೇಕಲಂಡ್ ಎಂಬ ರಸಾಯನ ಶಾಸ್ತ್ರಜ್ಞನು ಕಂಡುಹಿಡಿದ ಈ ವಸ್ತು ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದರೆ ಮತ್ತೆ ಕರಗದು. ಹೆಚ್ಚು ಕಾಯಿಸಿದರೆ ಸುಟ್ಟು ಕರಿಯಾಗಿ ಕೆಟ್ಟ ವಾಸನೆ ಬರುತ್ತದೆ, ಅಷ್ಟೆ. ಏನು ಮಾಡಿದರೂ ಬಾರದಿದ್ದರೆ, ಹೇಗೂ ಎಸೆಯುವ ವಸ್ತು, ದಪ್ಪ ಬಟ್ಟೆ ಸುತ್ತಿ ಇಕ್ಕಳದಿಂದ ಹಿಸುಕಿ ಒಡೆಯಿರಿ. ಕಣ್ಣಿಗೆ ಕನ್ನಡಕವಿರಲಿ, ಬೇಕಲೈಟು ಗಾಜಿನಂತೆ ಸಿಡಿಯುತ್ತದೆ. ಲಿವರನ್ನು ತಿರುಚಿ ಎಳೆದಾಡಬೇಡಿ. ಅದರ ಬುಡದ ಗುಂಡು ಗೇರ್ ಪೆಟ್ಟಿಗೆಯ ಮುಚ್ಚಳದಲ್ಲಿ ಕೂತಿದೆ; ಅಲ್ಲಿ ಕೆಟ್ಟರೆ ಖರ್ಚು ನಾಬಿನ ನೂರು ಪಟ್ಟು, ಮತ್ತು ಆ ಖರ್ಚು ಯಾರ ಸಂಬಳದಿಂದ ಹೋಗುವುದೆಂದು ಗ್ಯಾರೇಜಿನ ಹುಡುಗರಿಗೆ ನಾನು ಹೇಳಬೇಕಾಗಿಲ್ಲ.

ಹೊಸ ನಾಬು ಕೊಳ್ಳುವ ಮೊದಲು ಲಿವರಿನ ಆಟೆಯ ಅಳತೆ ತಿಳಿಯಬೇಕು. ದುಡ್ಡು ಹಾಳಾಗುವುದು ಇಲ್ಲಿಯೇ. ಅಮೆರಿಕದ ಮೂಲದ ಗಾಡಿಗೆ ಅಂಗುಲದ ಲೆಕ್ಕದ ಆಟೆ, 1985ರಲ್ಲಿ ಬಂದ ಮಾರುತಿ ಜಿಪ್ಸಿಯಂಥ ಜಪಾನಿನ ಮೂಲದ್ದಕ್ಕೆ ಮಿಲಿಮೀಟರಿನದು ಎಂಬುದು ನಿಯಮ. ಆದರೆ ಹಳೆಯ ಗಾಡಿಯ ಲಿವರು ಎಷ್ಟು ಕೈ ಬದಲಾಯಿಸಿದೆಯೋ, ಯಾವ ಟರ್ನರು ಯಾವ ಡೈ ಹಾಯಿಸಿದ್ದಾನೋ! 3/8 ಅಂಗುಲವೆಂದರೆ ಸುಮಾರು ಒಂಬತ್ತೂವರೆ ಮಿಲಿಮೀಟರು. ಅದರ ದಪ್ಪ ಆಟೆಯಲ್ಲಿ ಅಂಗುಲಕ್ಕೆ 16 ಸುತ್ತು, ಸಣ್ಣ ಆಟೆಯಲ್ಲಿ 24. ಹತ್ತು ಮಿಲಿಮೀಟರಿನ ಸಾಮಾನ್ಯ ಆಟೆಯಲ್ಲಿ ಸುತ್ತಿನಿಂದ ಸುತ್ತಿಗೆ ಒಂದೂವರೆ ಮಿಲಿಮೀಟರು, ಅಂದರೆ ಅಂಗುಲಕ್ಕೆ ಸುಮಾರು 17. ಹದಿನಾರಕ್ಕೂ ಹದಿನೇಳಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಿಲ್ಲ. ಹತ್ತರ ನಾಬನ್ನು 3/8ರ ಲಿವರಿಗೆ ಹಾಕಿದರೆ ಹತ್ತುತ್ತದೆ, ಆದರೆ ಅಲುಗುತ್ತಿರುತ್ತದೆ. ನಟ್ಟು ಬಿಗಿದಾಗ ಸರಿಯಾಯಿತು ಎನ್ನಿಸುತ್ತದೆ. ಸ್ವಲ್ಪ ದಿನದಲ್ಲಿ ಆಟೆ ಸವೆದು, ಒಂದು ದಿನ ಗೇರು ಎಳೆಯುವಾಗ ನಾಬು ಕೈಯಲ್ಲಿ ಉಳಿದು ಲಿವರು ಅಲ್ಲೇ ನಿಲ್ಲುತ್ತದೆ. ಅದೇ ಹೊತ್ತಿಗೆ ಕೈ ಮುಂದಕ್ಕೆ ಜಾರಿದರೆ ಲಿವರಿನ ಬರಿಯ ತುದಿ ಅಂಗೈಯನ್ನು ಸೀಳುತ್ತದೆ.

ಇದಕ್ಕೆ ಉಪಾಯ ಸುಲಭವಿದೆ. ಹಾರ್ಡ್‌ವೇರ್ ಅಂಗಡಿಯಿಂದ 3/8 ದಪ್ಪ ಆಟೆ, 3/8 ಸಣ್ಣ ಆಟೆ, ಹತ್ತು ಮಿಲಿಮೀಟರಿನ ಎರಡು ಬಗೆ, ಹೀಗೆ ನಾಲ್ಕು ನಟ್ಟು ತನ್ನಿ. ಮುಂಬಯಿಯವರಿಗೆ ನಾಗದೇವಿ ಬೀದಿ ಗೊತ್ತೇ ಇದೆ. ಲಿವರಿನ ಆಟೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒಂದು ಹನಿ ಎಣ್ಣೆ ಹಚ್ಚಿ, ಒಂದೊಂದನ್ನೇ ಬೆರಳಿನಿಂದ ತಿರುಗಿಸಿ. ಯಾವುದು ಬಲ ಹಾಕದೆ ಕೊನೆಯವರೆಗೆ ಹೋಗಿ ಅಕ್ಕಪಕ್ಕ ಅಲುಗುವುದಿಲ್ಲವೋ ಅದೇ ಅಳತೆ. ಲಿವರು ಇನ್ನೂ ತೆಳ್ಳಗಿದ್ದರೆ 5/16 ಅಂಗುಲದ್ದನ್ನೂ ಎಂಟು ಮಿಲಿಮೀಟರಿನದನ್ನೂ ಹೀಗೆಯೇ ಪರೀಕ್ಷಿಸಿ. ಆ ಜೋಡಿಯಲ್ಲೂ ಇದೇ ಮೋಸವಿದೆ. ಹೊಂದಿದ ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅದೇ ಆಟೆಯ ನಾಬು ಕೇಳಿ. ದೆಹಲಿಯವರಿಗೆ ಕಾಶ್ಮೀರಿ ಗೇಟು, ಚೆನ್ನೈಯವರಿಗೆ ಪುದುಪೇಟೆ ಇಂಥ ಸಾಮಾನಿಗೆ ಹೆಸರಾದ ಜಾಗಗಳು.

ಯಾವ ನಾಬು ಒಳ್ಳೆಯದು? ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಹೊಳೆಯುವ ಗುಂಡು ನೋಡಲು ಚೆಂದ. ಮೇಲ್ಛಾವಣಿ ತೆರೆದ ಜೀಪನ್ನು ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿ ಬಂದು ಮುಟ್ಟಿದಾಗ ಅದರ ಚೆಂದ ತಿಳಿಯುತ್ತದೆ. ಭಾರದ ನಾಬಿನಿಂದ ಇನ್ನೊಂದು ತೊಂದರೆಯೆಂದರೆ, ಗೇರನ್ನು ಹಿಡಿದಿಡುವ ಸ್ಪ್ರಿಂಗು ಸವೆದ ಪೆಟ್ಟಿಗೆಯಲ್ಲಿ, ಹಳ್ಳದಿಣ್ಣೆಯಲ್ಲಿ ಲಿವರು ತಾನಾಗಿ ಹಾರಿ ನ್ಯೂಟ್ರಲಿಗೆ ಬರಬಹುದು. ಹಿತ್ತಾಳೆಯ ಬುಷ್ ಕೂಡಿಸಿದ ಕಪ್ಪು ಪ್ಲಾಸ್ಟಿಕ್ಕಿನದೇ ಸಾಕು. ಮರದ್ದು ಬೇಕೆನ್ನುವವರು ಬೀಟೆಯಂಥ ಗಟ್ಟಿ ಮರದಲ್ಲಿ ಕಡೆಯಿಸಲಿ. ನಮ್ಮ ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಅರಗಿನ ಬಣ್ಣಕ್ಕೆ ಹೇಳಿಸಿದ್ದು, ಆದರೆ ಮೆದು. ಬುಷ್ ಇಲ್ಲದೆ ಅದರಲ್ಲಿ ಆಟೆ ನಿಲ್ಲದು. ಟರ್ನರನಿಂದ ಮಾಡಿಸುವುದಾದರೆ 3/8 ದಪ್ಪ ಆಟೆಗೆ 5/16 ಅಂಗುಲದ ತೂತು, ಹತ್ತು ಮಿಲಿಮೀಟರಿನ ಸಾಮಾನ್ಯ ಆಟೆಗೆ ಎಂಟೂವರೆ ಮಿಲಿಮೀಟರಿನ ತೂತು ಎಂದು ಬರೆದುಕೊಟ್ಟು ಬನ್ನಿ.

ಕೂರಿಸುವುದು ಐದು ನಿಮಿಷದ ಕೆಲಸ. ನಟ್ಟನ್ನು ಮೊದಲು ಕೆಳಗಿನವರೆಗೆ ಇಳಿಸಿ. ನಾಬನ್ನು ಕೈಯಿಂದ ತುದಿಯವರೆಗೆ ತಿರುಗಿಸಿ, ನಕ್ಷೆ ಚಾಲಕನಿಗೆ ನೇರವಾಗಿ ಕಾಣುವಷ್ಟು ಹಿಂದಕ್ಕೆ ಬಿಡಿ; ಒಂದು ಸುತ್ತಿಗಿಂತ ಹೆಚ್ಚು ಬೇಕಾಗದು. ಅನಂತರ ನಟ್ಟನ್ನು ಮೇಲಕ್ಕೆ ತಂದು ನಾಬಿಗೆ ಒತ್ತಿ ಬಿಗಿಯಿರಿ. ಪಾನಾಕ್ಕೆ ಮೈಯ ಭಾರ ಹಾಕಿದರೆ ಹೊಸ ನಾಬೇ ಬಿರಿಯುತ್ತದೆ. ಮತ್ತೆ ಬಿಚ್ಚಲು ಬರುವಂಥ ನೀಲಿ ಬಣ್ಣದ ಥ್ರೆಡ್ ಅಂಟನ್ನು ಒಂದು ಹನಿ ಹಾಕಬಹುದು. ಕೆಂಪಿನದು ಬೇಡ. ಎಪಾಕ್ಸಿ ತುಂಬಿ ಮೆತ್ತುವವರಿದ್ದಾರೆ. ಅಂಥ ನಾಬನ್ನು ಮುಂದೆ ಬಿಚ್ಚುವವನು ಅವರನ್ನು ನೆನೆಸಿಕೊಳ್ಳುತ್ತಾನೆ.

ಅಂಗಡಿಯ ನಾಬಿನ ಮೇಲೆ ಐದು ಗೇರಿನ ಕಾರಿನ ನಕ್ಷೆ ಅಚ್ಚಾಗಿರುವುದುಂಟು. ಅದನ್ನು ಹಾಗೆಯೇ ಜೀಪಿಗೆ ಹಾಕುವುದಕ್ಕಿಂತ ಗುರುತಿಲ್ಲದ ನಾಬು ಮೇಲು. ಸುಳ್ಳು ಹೇಳುವ ಗುರುತನ್ನು ಉಜ್ಜಿ ತೆಗೆದುಬಿಡಿ. ನಿಮ್ಮ ಪೆಟ್ಟಿಗೆಯ ನಿಜವಾದ ನಕ್ಷೆಯನ್ನು ಪರೀಕ್ಷಿಸಿಯೇ ಬರೆಯಬೇಕು, ಏಕೆಂದರೆ ಮುಂದೆ ಬಂದ ನಾಲ್ಕು ಗೇರಿನ ಪೆಟ್ಟಿಗೆಯನ್ನು ಹಳೆಯ ಮೈಗೆ ಕೂಡಿಸಿದ ಗಾಡಿಗಳೂ ಇವೆ. ಖಾಲಿ ಮೈದಾನದಲ್ಲಿ ಚಕ್ರದ ಕಲ್ಲು ತೆಗೆದು, ಕಾಲು ಬ್ರೇಕಿನ ಮೇಲಿಟ್ಟು, ಒಂದೊಂದೇ ಸ್ಥಾನಕ್ಕೆ ಹಾಕಿ ಕ್ಲಚ್ಚನ್ನು ಸ್ವಲ್ಪವೇ ಬಿಟ್ಟು ಗಾಡಿ ಯಾವ ಕಡೆ ಮಿಸುಕುತ್ತದೆ ನೋಡಿ. ಟಿ-90ರಲ್ಲಿ ಒಂದನೆಯ ಗೇರಿಗೂ ರಿವರ್ಸಿಗೂ ಸಿಂಕ್ರೊಮೆಶ್ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಬೇಕು, ಇಲ್ಲವಾದರೆ ಹಲ್ಲು ಕಡಿಯುತ್ತದೆ. ಕಂಡದ್ದನ್ನು ಬಿಳಿ ಎನಾಮೆಲ್ ಬಣ್ಣದಲ್ಲಿ ನಾಬಿನ ಮೇಲೂ ಡ್ಯಾಶ್‌ಬೋರ್ಡಿನ ಮೇಲೂ ಬರೆಯಿರಿ. ರಿವರ್ಸಿನ ಗುರುತು ಕೆಂಪಿರಲಿ. ಹದಿನೈದು ದಿನ ಓಡಿಸಿದ ಮೇಲೆ ನಟ್ಟನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಮತ್ತೆ ಸಡಿಲಾಗಿದ್ದರೆ ದೋಷ ನಾಬಿನದಲ್ಲದಿರಬಹುದು. ಎಂಜಿನ್ನನ್ನು ಹೊತ್ತ ರಬ್ಬರು ದಿಂಬುಗಳು ಸತ್ತು ನಡುಕವೆಲ್ಲ ಲಿವರಿಗೆ ಏರುತ್ತಿದೆಯೇ ಎಂದು ಬಾನೆಟ್ಟು ಎತ್ತಿ ನೋಡಬೇಕು.