ಪಾಠ: ಹೊಟ್ಟೆ ಚಿಕ್ಕದಾದ ಮೇಲೆ ಊಟ ಹೇಗೆ?

ಮಗಳು ತವರಿಗೆ ಬಂದಳು. ಅವಳಿಗೆ ತೂಕ ಇಳಿಸುವ ಆಪರೇಷನ್ ಆಗಿ 20 ದಿನ ಆಗಿತ್ತು.

"ಎಷ್ಟು ಸೊರಗಿದ್ದೀಯೆ ತಾಯಿ! ಒಂದು ಹೋಳಿಗೆ ತಿನ್ನು" ಅಂದರು ಅಮ್ಮ.

"ಬೇಡಮ್ಮ. ಸಿಹಿ ತಿನ್ನಬಾರದಂತೆ."

"ಒಂದೇ ಒಂದು. ಅಮ್ಮನ ಮಾತಿಗೆ ಬೆಲೆ ಇಲ್ವಾ?"

ಮಗಳು ತಿಂದಳು. ಸ್ವಲ್ಪ ಹೊತ್ತಿಗೆ ಮೈ ಬೆವರಿತು. ಎದೆ ಡವಡವ ಹೊಡೆದುಕೊಂಡಿತು. ತಿಂದದ್ದೆಲ್ಲ ವಾಂತಿ ಆಯಿತು. ಅಮ್ಮ ಗಾಬರಿಯಾದರು. ಡಾಕ್ಟರಿಗೆ ಫೋನು ಮಾಡಿದರು. ಅವರ ಮಾತು ಕೇಳಿ ಧೈರ್ಯ ಬಂತು.

ಆ ಅಮ್ಮ ನಮ್ಮ ಕಲಿಕಾ ಕೇಂದ್ರದವರೇ. ಮಾರನೆಯ ದಿನ ಆಸ್ಪತ್ರೆ ಚೀಟಿ ತಂದರು. ನಾವೆಲ್ಲ ಕೂತು ಅಕ್ಷರ ಕೂಡಿಸಿ ಓದಿದೆವು. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಂಡೆವು. ನೀವೂ ಓದಿ.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ?

ಉಂಡ ಅನ್ನ ಮೊದಲು ಜಠರ ಎಂಬ ಚೀಲಕ್ಕೆ ಇಳಿಯುತ್ತದೆ. ಒಂದು ಬಗೆಯ ಆಪರೇಷನ್ನಿನಲ್ಲಿ ಆ ಚೀಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆಯುತ್ತಾರೆ. ಉಳಿದದ್ದು ಬಾಳೆಹಣ್ಣಿನ ಹಾಗೆ ಸಣ್ಣಗೆ ಇರುತ್ತದೆ. ಇನ್ನೊಂದು ಬಗೆಯಲ್ಲಿ ಪುಟ್ಟ ಚೀಲ ಮಾಡಿ ಕರುಳಿಗೆ ಜೋಡಿಸುತ್ತಾರೆ. ಈ ಮಗಳಿಗೆ ಆದದ್ದು ಎರಡನೆಯದು. ಹೋಳಿಗೆಯ ಸಿಹಿ ಬೇಗನೆ ಕರುಳಿಗೆ ಇಳಿಯಿತು. ಅದಕ್ಕೇ ಹಾಗಾಯಿತು.

ದಪ್ಪ ಇದ್ದವರಿಗೆಲ್ಲ ಈ ಆಪರೇಷನ್ ಬೇಕಿಲ್ಲ. ಬೇಕೋ ಬೇಡವೋ ಡಾಕ್ಟರು ಪರೀಕ್ಷೆ ಮಾಡಿ ಹೇಳುತ್ತಾರೆ.

ಆಪರೇಷನ್ನಿಗೆ ಮೊದಲು

ದಪ್ಪಗಿದ್ದವರಿಗೂ ರಕ್ತ ಕಡಿಮೆ ಇರಬಹುದು. ಅದಕ್ಕೇ ಮೊದಲು ರಕ್ತ ಪರೀಕ್ಷೆ ಆಗಬೇಕು. ಬಹಳ ಕಡೆ ಸುಮಾರು 2 ವಾರ ಪಥ್ಯ ಹೇಳುತ್ತಾರೆ. ಅನ್ನ, ಎಣ್ಣೆ, ಸಿಹಿ ಕಡಿಮೆ. ಬೇಳೆ, ಮೊಟ್ಟೆ, ಮಜ್ಜಿಗೆ, ತರಕಾರಿ ಹೆಚ್ಚು. ಇದರಿಂದ ಪಿತ್ತಜನಕಾಂಗದ ಊತ ಇಳಿಯುತ್ತದೆ. ಆಪರೇಷನ್ ಸುಲಭವಾಗುತ್ತದೆ. ಹೊಗೆಸೊಪ್ಪು, ಬೀಡಿ ಬಿಡಲೇಬೇಕು. ಸಕ್ಕರೆ ಕಾಯಿಲೆ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಆಪರೇಷನ್ ಆದ ಮೇಲೆ

ಮೊದಲ 2 ವಾರ ನೀರು, ಬೇಳೆ ಕಟ್ಟು, ತಿಳಿ ಮಜ್ಜಿಗೆ. ಆಮೇಲೆ 2 ವಾರ ನುಣ್ಣಗೆ ಮಸೆದ ಊಟ. ನಂತರ ಮೆತ್ತನೆಯ ಊಟ. ಮಾಮೂಲಿ ಊಟಕ್ಕೆ ಬರಲು 6ರಿಂದ 8 ವಾರ ಬೇಕು. ಆಸ್ಪತ್ರೆಯವರು ಬೇರೆ ರೀತಿ ಹೇಳಿದರೆ ಅವರು ಹೇಳಿದಂತೆ ಮಾಡಿ.

ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಅಷ್ಟೇ. ಹೊಟ್ಟೆಯಲ್ಲಿ ಜಾಗ ಕಡಿಮೆ. ಅದಕ್ಕೇ ಬೇಳೆ, ಮೊಟ್ಟೆ, ಮೀನು, ಮೊಸರು ಮೊದಲು ತಿನ್ನಬೇಕು. ಅನ್ನ ಆಮೇಲೆ.

ಮುದ್ದೆ ನುಂಗುವುದು ನಮ್ಮ ರೂಢಿ. ಪುಟ್ಟ ಹೊಟ್ಟೆಗೆ ಅದು ಆಗದು. ತುತ್ತು ಸಿಕ್ಕಿಕೊಳ್ಳಬಹುದು. ಯಾವ ತುತ್ತನ್ನೂ ಚೆನ್ನಾಗಿ ಅಗಿದೇ ತಿನ್ನಬೇಕು. ಊಟದ ಜೊತೆ ನೀರು ಬೇಡ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಸಾಕು ಅನ್ನಿಸಿದ ಕೂಡಲೇ ನಿಲ್ಲಿಸಬೇಕು.

ಮಾತ್ರೆ ಬಿಡಬೇಡಿ

"ಗಾಯ ಮಾಯ್ತಲ್ಲ, ಇನ್ನೇಕೆ ಮಾತ್ರೆ?" ಅನ್ನುವವರಿದ್ದಾರೆ. ಇದು ತಪ್ಪು. ಕಡಿಮೆ ಊಟದಿಂದ ದೇಹಕ್ಕೆ ಬೇಕಾದ್ದೆಲ್ಲ ಸಿಗುವುದಿಲ್ಲ. ಕಬ್ಬಿಣ, ಸುಣ್ಣದ ಅಂಶ, ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು. ಕಬ್ಬಿಣದ ಮಾತ್ರೆಗೂ ಸುಣ್ಣದ ಮಾತ್ರೆಗೂ 2 ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ ಜೊತೆ ಕಾಫಿ, ಟೀ ಬೇಡ.

ಒಂದೂವರೆ ವರ್ಷದ ತನಕ ಬಸಿರಾಗದಂತೆ ನೋಡಿಕೊಳ್ಳುವುದು ಒಳ್ಳೆಯದು. ಸೊಸೆಗೆ ಒತ್ತಾಯ ಮಾಡುವ ಅತ್ತೆಯರಿಗೂ ಇದು ತಿಳಿದಿರಲಿ.

ತಡಮಾಡದೆ ಆಸ್ಪತ್ರೆಗೆ ಹೋಗಿ: ಜ್ವರ, ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ಏದುಸಿರು, ಕಾಲು ಊತ.

ಈಗ ಆ ಅಮ್ಮ ಹೋಳಿಗೆ ಬದಲು ತೊವ್ವೆ ಮಸೆದು ಕೊಡುತ್ತಾರೆ. ಅಡುಗೆ ಮನೆ ಗೋಡೆ ಮೇಲೆ ಮಾತ್ರೆಯ ಪಟ್ಟಿ ಇದೆ. ಬರೆದವರು ಅವರೇ.

ಉತ್ತರ ಹೇಳಿ

1. ಹೋಳಿಗೆ ತಿಂದ ಮಗಳಿಗೆ ಏನಾಯಿತು? ಯಾಕೆ?
2. ಊಟದಲ್ಲಿ ಮೊದಲು ಏನು ತಿನ್ನಬೇಕು?
3. ನಿಮ್ಮ ಮನೆಯ ಔಷಧಿ ಚೀಟಿ ತನ್ನಿ. ಎಲ್ಲರೂ ಸೇರಿ ಓದಿ.