ರಜೆಯಲ್ಲಿ ನೆರಳಿನ ಚಿತ್ರ ಬಿಡಿಸೋಣ

ಮಕ್ಕಳೇ, ಬೇಸಿಗೆ ರಜೆ ಬಂತು. ಬಣ್ಣದ ಪೆನ್ಸಿಲ್ ಇಲ್ಲ, ಡ್ರಾಯಿಂಗ್ ಬುಕ್ ಇಲ್ಲ ಅಂತ ಸುಮ್ಮನೆ ಕೂಡಬೇಡಿ. ನಮ್ಮ ವಡ್ಡೆಪಲ್ಲಿಯಲ್ಲಿ ಬಿಸಿಲಿಗೇನು ಬರ ಇಲ್ಲ! ಬಿಸಿಲಿದ್ದರೆ ನೆರಳು ಇದ್ದೇ ಇರುತ್ತದೆ. ಅದರ ಸುತ್ತ ಗೆರೆ ಎಳೆದರೆ ಚಿತ್ರ ಆಯಿತು. ಚಿಕ್ಕ ತಮ್ಮ, ತಂಗಿಯರನ್ನೂ ಸೇರಿಸಿಕೊಂಡು ಮಾಡುವ ಮೂರು ಚಟುವಟಿಕೆ ಇಲ್ಲಿವೆ. ಮೂರನೆಯದನ್ನು ಮೇ ತಿಂಗಳ ಮೊದಲ ವಾರದಲ್ಲಿ ತಪ್ಪಿಸಬೇಡಿ. ಆಗ ಶಾಲೆ ಇರೋದಿಲ್ಲ, ತೋರಿಸಲಿಕ್ಕೆ ಟೀಚರ್ ಇರೋದಿಲ್ಲ. ನೀವೇ ನೋಡಬೇಕು.

ಬೇಕಾಗುವ ವಸ್ತುಗಳು: ಹಳೆಯ ಕಾಗದ, ಪೆನ್ಸಿಲ್, ಚಾಕ್‌ಪೀಸ್ ಅಥವಾ ಇದ್ದಲಿ ತುಂಡು, 1 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಉದ್ದದ ಸಣ್ಣ ನೇರ ಕೋಲು, ದಾರ, ಸಣ್ಣ ಕಲ್ಲುಗಳು.

1. ಬೊಂಬೆಯ ನೆರಳು
ಬೆಳಗ್ಗೆ 8 ಗಂಟೆಗೆ ಬಿಸಿಲು ಬೀಳುವ ಕಟ್ಟೆ ಮೇಲೆ ಕಾಗದ ಹಾಸಿ. ಮಣ್ಣಿನ ಎತ್ತೋ, ಲೋಟವೋ ಇಟ್ಟು ಅದರ ನೆರಳಿನ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಅರ್ಧ ಗಂಟೆ ಬಿಟ್ಟು ಬಂದು ನೋಡಿ. ಎತ್ತು ನಿಂತಲ್ಲೇ ನಿಂತಿದೆ, ನೆರಳು ಮಾತ್ರ ಗೆರೆ ಬಿಟ್ಟು ಸರಿದಿದೆ. ಯಾಕೆ ಅಂತ ತಂಗಿಯನ್ನು ಕೇಳಿ. ಉತ್ತರ ನೀವೇ ಹೇಳಿಬಿಡಬೇಡಿ.

2. ಗೆಳೆಯರ ನೆರಳು
ಅಂಗಳದಲ್ಲಿ ಒಬ್ಬರು ನಿಲ್ಲಲಿ. ಪಾದದ ಗುರುತು, ನೆರಳಿನ ಗುರುತು ಎರಡನ್ನೂ ಚಾಕ್‌ಪೀಸ್‌ನಿಂದ ಬಿಡಿಸಿ. 8 ಗಂಟೆಗೆ ನೆರಳು ನಿಮಗಿಂತ ಉದ್ದ. 10 ಗಂಟೆಗೆ ಅದೇ ಪಾದದ ಗುರುತಿನ ಮೇಲೆ ನಿಂತರೆ ನಿಮಗಿಂತ ಗಿಡ್ಡ. ನಡುವೆ ಒಂದು ಹೊತ್ತಿಗೆ ನೆರಳು ಸರಿಯಾಗಿ ನಿಮ್ಮಷ್ಟೇ ಎತ್ತರ ಇರುತ್ತದೆ. ಅದು ಎಷ್ಟು ಗಂಟೆಗೆ? ಹುಡುಕಿ ಬರೆದಿಡಿ.

3. ನೆರಳು ಮಾಯ!
ಓಡಾಟ ಇಲ್ಲದ ಸಮತಟ್ಟಾದ ಜಾಗದಲ್ಲಿ ಕೋಲು ನೆಡಿ. ಮೇಲೆ ಉಳಿದ ಭಾಗ 1 ಮೀಟರ್ ಇರಲಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು, ಗೌಂಡಿ ಕೆಲಸದವರು ಗೋಡೆ ನೋಡುವ ಹಾಗೆ, ಕೋಲು ನೆಟ್ಟಗಿದೆಯೇ ನೋಡಿ. ವಾರಕ್ಕೆ ಎರಡು ಸಲ ಮಧ್ಯಾಹ್ನ 12 ಗಂಟೆ 15 ನಿಮಿಷಕ್ಕೆ ನೆರಳಿನ ತುದಿಗೆ ಒಂದು ಕಲ್ಲು ಇಡಿ. ತಾರೀಕು, ಅಳತೆ, ದಿಕ್ಕನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆಯಿರಿ.

ಏಪ್ರಿಲ್ 24ರ ಸುಮಾರಿಗೆ ನೆರಳು ಉತ್ತರಕ್ಕೆ 5–6 ಸೆಂ.ಮೀ. ಇರುತ್ತದೆ. ದಿನದಿನಕ್ಕೆ ಕುಗ್ಗುತ್ತಾ ಮೇ 4ರಿಂದ 6ರ ಹೊತ್ತಿಗೆ ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಇದೇ ಶೂನ್ಯ ನೆರಳಿನ ದಿನ. ಆಮೇಲೆ ನೆರಳು ದಕ್ಷಿಣದ ಕಡೆ ಬೆಳೆಯುತ್ತದೆ. ಜೂನ್ 10ಕ್ಕೆ ಸುಮಾರು 12 ಸೆಂ.ಮೀ. ಆಗಿರುತ್ತದೆ. ನೀವು ಇಟ್ಟ ಕಲ್ಲುಗಳ ಸಾಲು ನೋಡಿ: ಸೂರ್ಯನ ಉತ್ತರಾಯಣದ ಚಿತ್ರವನ್ನು ನೆಲದ ಮೇಲೆ ನೀವೇ ಬಿಡಿಸಿದ್ದೀರಿ.

ಹೀಗೇಕೆ?
ಮಧ್ಯಾಹ್ನ ಸೂರ್ಯ ದಿನಾಲೂ ನೆತ್ತಿ ಮೇಲೆ ಬರುತ್ತಾನೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ನಿಜವಲ್ಲ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ ಸೂರ್ಯನ ನೇರ ಕಿರಣ ಬೀಳುವ ಜಾಗ ಡಿಸೆಂಬರ್‌ನಿಂದ ಜೂನ್‌ವರೆಗೆ ಉತ್ತರಕ್ಕೆ ಸರಿಯುತ್ತದೆ, ಆಮೇಲೆ ದಕ್ಷಿಣಕ್ಕೆ ಮರಳುತ್ತದೆ. ನಮ್ಮ ಊರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ವರ್ಷಕ್ಕೆ ಎರಡೇ ಸಲ ಸೂರ್ಯ ಸರಿಯಾಗಿ ನಮ್ಮ ನೆತ್ತಿ ಮೇಲೆ ಬರುತ್ತಾನೆ. ಎರಡನೆಯದು ಆಗಸ್ಟ್ 8ರ ಸುಮಾರಿಗೆ. ಆಗ ಮಳೆಗಾಲ, ಮೋಡ ಕವಿದಿದ್ದರೆ ಏನೂ ಕಾಣದು. ಅದಕ್ಕೇ ಮೇ ತಿಂಗಳು ಮುಖ್ಯ.

ಬೆಂಗಳೂರಿನಲ್ಲಿ ಈ ದಿನ ಏಪ್ರಿಲ್ 24ರ ಹತ್ತಿರ, ಹೈದರಾಬಾದಿನಲ್ಲಿ ಮೇ 9ರ ಹತ್ತಿರ ಬರುತ್ತದೆ. ದೆಹಲಿ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿದೆ, ಅಲ್ಲಿ ಬರುವುದೇ ಇಲ್ಲ. ಬೆಂಗಳೂರಿಗೆ ದುಡಿಯಲು ಹೋದ ಮಾವನೋ ಅಣ್ಣನೋ ಇದ್ದರೆ ಮೇ 5ರ ಮಧ್ಯಾಹ್ನ ಫೋನ್ ಮಾಡಿ. ನಿಮ್ಮ ಕೋಲಿಗೆ ನೆರಳಿಲ್ಲದಾಗ ಅಲ್ಲಿ ಅಷ್ಟೇ ಉದ್ದದ ಕೋಲಿಗೆ ದಕ್ಷಿಣದ ಕಡೆ 5 ಸೆಂ.ಮೀ.ಗಿಂತ ಹೆಚ್ಚು ನೆರಳು ಇರುತ್ತದೆ. ಭೂಮಿ ದುಂಡಗಿರುವುದಕ್ಕೆ ಈ ವ್ಯತ್ಯಾಸ.

12 ಗಂಟೆ ಬಿಟ್ಟು 12:15 ಯಾಕೆ? ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಅದಕ್ಕೆ ಸೂರ್ಯ ನಮ್ಮ ಕಡೆಗೆ ಸುಮಾರು ಕಾಲು ಗಂಟೆ ತಡವಾಗಿ ಬರುತ್ತಾನೆ.

ಎಚ್ಚರ: ಸೂರ್ಯನನ್ನು ನೇರವಾಗಿ ನೋಡಲೇಬೇಡಿ. ನಾವು ನೋಡುವುದು ನೆಲವನ್ನು ಮಾತ್ರ. ಮಧ್ಯಾಹ್ನ ತಲೆಗೆ ಟವೆಲ್, ಕಾಲಿಗೆ ಚಪ್ಪಲಿ ಹಾಕಿಕೊಳ್ಳಿ. ನೀರು ಕುಡಿದು ಹೊರಗೆ ಹೋಗಿ, ಕಲ್ಲು ಇಟ್ಟು ಎರಡೇ ನಿಮಿಷದಲ್ಲಿ ಒಳಗೆ ಬನ್ನಿ.

ಯೋಚಿಸಿ: ಸಂಕ್ರಾಂತಿ ರಜೆಯಲ್ಲಿ ಅದೇ ಕೋಲು, ಅದೇ ಜಾಗ, ಸಮಯ ಮಾತ್ರ 12:28. ನೆರಳು ಯಾವ ಕಡೆ ಬೀಳುತ್ತದೆ? ಎಷ್ಟು ಉದ್ದ ಇರುತ್ತದೆ? ಈಗಲೇ ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಜನವರಿಯಲ್ಲಿ ಅಳೆದು ನೋಡಿ. ಶಾಲೆ ತೆರೆದ ದಿನ ನಿಮ್ಮ ನೆರಳಿನ ಚಿತ್ರಗಳನ್ನು ತರಗತಿಗೆ ತನ್ನಿ. ಎಲ್ಲರ ಕಲ್ಲಿನ ಸಾಲನ್ನೂ ಪಕ್ಕಪಕ್ಕ ಇಟ್ಟು ಹೋಲಿಸೋಣ.