ಕರುಳಿನ ಬ್ಯಾಕ್ಟೀರಿಯಾ ಮತ್ತು ಮೂತ್ರಪಿಂಡ: ‘ವಿಸರ್ಜನೆ’ ಪಾಠಕ್ಕೊಂದು ವಿಸ್ತರಣೆ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ಪೋಷಣೆ ಮೊದಲು ಬರುತ್ತದೆ, ವಿಸರ್ಜನೆ ಕೊನೆಗೆ. ಹೀಗಾಗಿ ಮಕ್ಕಳ ಮನಸ್ಸಿನಲ್ಲಿ ಕರುಳು ಒಂದು ಪಾಠವಾಗಿ, ಮೂತ್ರಪಿಂಡ ಇನ್ನೊಂದು ಪಾಠವಾಗಿ ಉಳಿದುಬಿಡುತ್ತದೆ. ಬೋಧನಾಭ್ಯಾಸದ ಅವಧಿಯಲ್ಲಿ ವಿಸರ್ಜನೆಯನ್ನು ಬೋಧಿಸಿದ ಮರುದಿನ, ಇವೆರಡನ್ನೂ ಜೋಡಿಸುವ 40 ನಿಮಿಷಗಳ ವಿಸ್ತರಣಾ ಪಾಠವೊಂದನ್ನು ಮಾಡಿದೆ. ಅದರ ವಿಷಯ, ವಿಧಾನ ಮತ್ತು ತರಗತಿಯಲ್ಲಿ ಎದ್ದ ಒಂದು ಪ್ರಶ್ನೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಪೂರ್ವಜ್ಞಾನ

“ಮೂತ್ರಪಿಂಡ ಹೊರಹಾಕುವ ತ್ಯಾಜ್ಯ ತಯಾರಾಗುವುದು ಎಲ್ಲಿ?” ಎಂದು ಕೇಳಿದೆ. “ನಮ್ಮ ಜೀವಕೋಶಗಳಲ್ಲಿ” ಎಂಬ ಉತ್ತರ ಬಂತು. ಯೂರಿಯಾದ ಮಟ್ಟಿಗೆ ಇದು ಸರಿ. ಅದನ್ನು ತಯಾರಿಸುವುದು ಪಿತ್ತಜನಕಾಂಗ. ಆದರೆ ಕೆಲವು ತ್ಯಾಜ್ಯಗಳ ಮೊದಲ ಹೆಜ್ಜೆ ನಮ್ಮ ಜೀವಕೋಶಗಳಲ್ಲಿ ನಡೆಯುವುದೇ ಇಲ್ಲ.

ಕಾರ್ಡ್ ಚಟುವಟಿಕೆ

ಐದು ಕಾರ್ಡುಗಳನ್ನು ಕಲಸಿ ಗುಂಪುಗಳಿಗೆ ಕೊಟ್ಟು, ಕ್ರಮವಾಗಿ ಜೋಡಿಸಲು ಹೇಳಿದೆ. ಸರಿಯಾದ ಕ್ರಮ ಹೀಗಿದೆ:

1. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವಿದೆ.
2. ಜೀರ್ಣವಾಗದೆ ದೊಡ್ಡ ಕರುಳಿಗೆ ಬಂದ ಭಾಗವನ್ನು ಬ್ಯಾಕ್ಟೀರಿಯಾಗಳು ಇಂಡೋಲ್ ಆಗಿ ಮಾರ್ಪಡಿಸುತ್ತವೆ.
3. ರಕ್ತದ ಮೂಲಕ ಪಿತ್ತಜನಕಾಂಗ ಸೇರಿದ ಇಂಡೋಲ್ ಅಲ್ಲಿ ಇಂಡಾಕ್ಸಿಲ್ ಸಲ್ಫೇಟ್ ಆಗುತ್ತದೆ.
4. ಇದರ ಬಹುಪಾಲು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ.
5. ಮೂತ್ರಪಿಂಡದ ನಳಿಕೆಯ ಜೀವಕೋಶಗಳು ಅದನ್ನು ಹಿಡಿದು ಮೂತ್ರಕ್ಕೆ ಸ್ರವಿಸುತ್ತವೆ.

ನಾಲ್ಕನೇ ಹಂತವನ್ನು ಅಡುಗೆಮನೆಯ ಜರಡಿಯಿಂದ ವಿವರಿಸಿದೆ. ಬಿಡಿ ರವೆ ಜರಡಿಯಿಂದ ಇಳಿಯುತ್ತದೆ. ಒದ್ದೆ ಬೆಲ್ಲದ ಉಂಡೆಗೆ ಅಂಟಿದ ರವೆ ಇಳಿಯುವುದಿಲ್ಲ. ಯೂರಿಯಾ ಬಿಡಿ ರವೆಯಂತೆ. ಅದು ದಿನಕ್ಕೆ ಸುಮಾರು 180 ಲೀಟರ್ ಸೋಸುವ ಗ್ಲೋಮೆರುಲಸ್‌ನಲ್ಲಿ ಸುಲಭವಾಗಿ ದಾಟುತ್ತದೆ. ಇಂಡಾಕ್ಸಿಲ್ ಸಲ್ಫೇಟ್ ಅಂಟಿದ ರವೆಯಂತೆ. ಅದನ್ನು ಬಿಡಿಸಿ ಹಾಕುವ ಕೆಲಸ ನಳಿಕೆಯ ಜೀವಕೋಶಗಳದ್ದು. ಡಯಾಲಿಸಿಸ್ ಯಂತ್ರದಲ್ಲಿ ಜರಡಿಯಿದೆ, ಆ ಜೀವಕೋಶಗಳಿಲ್ಲ. ಆದ್ದರಿಂದ ಡಯಾಲಿಸಿಸ್ ಯೂರಿಯಾವನ್ನು ಚೆನ್ನಾಗಿ ತೆಗೆದರೂ ಈ ವಸ್ತುವನ್ನು ಅಷ್ಟು ಚೆನ್ನಾಗಿ ತೆಗೆಯಲಾರದು.

‘ಇದು ಹೇಗೆ ಗೊತ್ತಾಯಿತು?’

ಪಾಠದ ತಿರುಳು ಈ ಹಂತದಲ್ಲಿದೆ. ಬ್ಯಾಕ್ಟೀರಿಯಾವೇ ಮೂಲ ಎಂದು ನಾನು ಹೇಳಿದ್ದನ್ನು ಮಕ್ಕಳು ಯಾಕೆ ನಂಬಬೇಕು? ಎರಡು ಪುರಾವೆಗಳನ್ನು ಮುಂದಿಟ್ಟೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳ ರಕ್ತದಲ್ಲಿ ಇಂಡಾಕ್ಸಿಲ್ ಸಲ್ಫೇಟ್ ಕಾಣಲಿಲ್ಲ. ಸಾಮಾನ್ಯ ಇಲಿಗಳಲ್ಲಿ ಕಂಡಿತು. 2011ರಲ್ಲಿ, ಶಸ್ತ್ರಚಿಕಿತ್ಸೆಯಿಂದ ದೊಡ್ಡ ಕರುಳನ್ನು ತೆಗೆಸಿಕೊಂಡಿದ್ದ ಡಯಾಲಿಸಿಸ್ ರೋಗಿಗಳನ್ನು ಇತರ ಡಯಾಲಿಸಿಸ್ ರೋಗಿಗಳೊಂದಿಗೆ ಹೋಲಿಸಲಾಯಿತು. ಕರುಳಿಲ್ಲದವರ ರಕ್ತದಲ್ಲಿ ಈ ವಸ್ತು ಇಲ್ಲವೆನ್ನುವಷ್ಟು ಕಡಿಮೆಯಿತ್ತು. “ಹೋಲಿಕೆಗೆ ಇನ್ನೊಂದು ಗುಂಪು ಯಾಕೆ ಬೇಕು?” ಎಂದು ಕೇಳಿದಾಗ ಮಕ್ಕಳೇ ನಿಯಂತ್ರಿತ ಪ್ರಯೋಗದ ತತ್ವವನ್ನು ತಮ್ಮ ಮಾತಿನಲ್ಲಿ ಹೇಳಿದರು.

ಸಂಬಂಧ ಎರಡೂ ದಿಕ್ಕಿನದು ಎಂಬುದನ್ನೂ ಕಪ್ಪುಹಲಗೆಯ ಮೇಲೆ ಬಾಣ ಹಾಕಿ ತೋರಿಸಿದೆ. ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚಾದ ಯೂರಿಯಾ ಕರುಳಿಗೂ ಇಳಿಯುತ್ತದೆ. ಅದನ್ನು ಅಮೋನಿಯಾ ಮಾಡುವ ಬ್ಯಾಕ್ಟೀರಿಯಾಗಳಿಗೆ ಅನುಕೂಲವಾಗುತ್ತದೆ, ಕರುಳಿನ ಪರಿಸರವೇ ಬದಲಾಗುತ್ತದೆ. ಜೊತೆಗೆ, ಎಲ್ಲ ಬ್ಯಾಕ್ಟೀರಿಯಾಗಳೂ ಶತ್ರುಗಳಲ್ಲ. ಸೊಪ್ಪು, ಕಾಳು, ರಾಗಿಯ ನಾರಿನಂಶದಿಂದ ಅವು ತಯಾರಿಸುವ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳು ಕರುಳಿನ ಒಳಪದರಕ್ಕೆ ಆಹಾರ.

ಒಂದು ಪ್ರಶ್ನೆ

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ನಮ್ಮ ದೊಡ್ಡಪ್ಪಂಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸ್ತಾರೆ. ಮೊಸರು, ಎಳನೀರು, ಸೊಪ್ಪು ಜಾಸ್ತಿ ಕೊಟ್ರೆ ಒಳ್ಳೆ ಬ್ಯಾಕ್ಟೀರಿಯಾ ಬೆಳೆದು ಕಿಡ್ನಿ ಸರಿಹೋಗುತ್ತಾ?” ಎಂದಳು.

ಪಾಠದ ಒಂದು ಸಾಲು ಸಂಜೆಯೊಳಗೆ ಒಬ್ಬ ರೋಗಿಯ ತಟ್ಟೆಯನ್ನು ಬದಲಿಸಬಹುದು ಎಂಬುದು ಆಗ ಅರಿವಾಯಿತು. ನಾನು ಹೇಳಿದ್ದಿಷ್ಟು: “ಇಲ್ಲಮ್ಮ, ಹಾಗೆ ಆಗುತ್ತೆ ಅಂತ ಯಾರೂ ತೋರಿಸಿಲ್ಲ. ಎಳನೀರು, ಬಾಳೆಹಣ್ಣು, ಕೆಲವು ಸೊಪ್ಪುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲಿ ಏರಿದರೆ ಹೃದಯಕ್ಕೇ ಅಪಾಯ. ದೊಡ್ಡಪ್ಪನ ಊಟವನ್ನು ಅವರ ಡಾಕ್ಟರು ಹೇಳಿದಂತೆಯೇ ನಡೆಸಬೇಕು.”

ನಂತರ ಇಡೀ ತರಗತಿಗೆ ಒಂದು ಉದಾಹರಣೆ ಕೊಟ್ಟೆ. ಕರುಳಿನಲ್ಲೇ ಇಂಡೋಲ್ ಹೀರಿಕೊಳ್ಳುವ ಇದ್ದಿಲಿನ ಔಷಧವೊಂದು ಜಪಾನಿನಲ್ಲಿ 1991ರಿಂದ ಬಳಕೆಯಲ್ಲಿದೆ. ಆದರೆ 2,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅದು ಕಾಯಿಲೆಯ ಓಟವನ್ನು ತಡೆಯುತ್ತದೆ ಎಂದು ಸಾಬೀತಾಗಲಿಲ್ಲ. ಪ್ರಯೋಗಾಲಯದಲ್ಲಿ ಇಂಡಾಕ್ಸಿಲ್ ಸಲ್ಫೇಟ್ ಮೂತ್ರಪಿಂಡದ ಜೀವಕೋಶಗಳಿಗೆ ಹಾನಿ ಮಾಡುವುದು ಕಂಡಿದೆ ನಿಜ. ಆದರೆ ಆ ತಿಳಿವಳಿಕೆಗೂ ರೋಗಿಗೆ ನೆರವಾಗುವ ಚಿಕಿತ್ಸೆಗೂ ನಡುವೆ ಇನ್ನೂ ದೂರವಿದೆ.

ಮೌಲ್ಯಮಾಪನ

ಅ) ಯೂರಿಯಾ ಮತ್ತು ಇಂಡಾಕ್ಸಿಲ್ ಸಲ್ಫೇಟ್ ದೇಹದಿಂದ ಹೊರಹೋಗುವ ಬಗೆಯಲ್ಲಿ ಏನು ವ್ಯತ್ಯಾಸ?
ಆ) ಸೂಕ್ಷ್ಮಜೀವಿರಹಿತ ಇಲಿಗಳ ಅಧ್ಯಯನದಿಂದ ಯಾವ ತೀರ್ಮಾನಕ್ಕೆ ಬರಬಹುದು? ಯಾವುದಕ್ಕೆ ಬರಲಾಗದು?
ಇ) ‘ಈ ಪುಡಿ ಕರುಳು ಶುದ್ಧಮಾಡಿ ಕಿಡ್ನಿ ಉಳಿಸುತ್ತದೆ’ ಎಂಬ ಜಾಹೀರಾತು ಕಂಡರೆ ನೀವು ಕೇಳುವ ಎರಡು ಪ್ರಶ್ನೆಗಳಾವುವು?

ಈ ಪಾಠ ಮಾಡಲಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಒಂದೇ: ಪಾಠಯೋಜನೆಯಲ್ಲಿ ಕೊನೆಯ ಹತ್ತು ನಿಮಿಷಗಳನ್ನು ಮನೆಯಿಂದ ಬರುವ ಪ್ರಶ್ನೆಗಳಿಗೆಂದೇ ಮೀಸಲಿಡಿ, ಪೊಟ್ಯಾಸಿಯಂ ವಿಷಯವನ್ನು ಮೊದಲೇ ಓದಿಕೊಂಡು ಹೋಗಿ.